ಜೋಡಿ ಕ್ಯೂಬಿಟ್ ತಾಳೆ ಆಗುವುದು ದೊಡ್ಡ ಮಾತಲ್ಲ, ತಾಳೆ ತಪ್ಪುವ ಲೆಕ್ಕ ನೋಡಿ

ಪ್ರಶ್ನೆ: ನಾನು ಎಂಜಿನಿಯರಿಂಗ್ ಮೂರನೇ ವರ್ಷದ ವಿದ್ಯಾರ್ಥಿನಿ. ಎರಡು ಕ್ಯೂಬಿಟ್ (ಕ್ವಾಂಟಂ ಕಂಪ್ಯೂಟರಿನ ಬಿಟ್, ಅಳೆದರೆ 0 ಅಥವಾ 1 ಬರುತ್ತದೆ) ತೆಗೆದುಕೊಂಡು, ಮೊದಲನೆಯದಕ್ಕೆ ಹಡಮಾರ್ಡ್ ಗೇಟ್ (0 ಇದ್ದದ್ದನ್ನು 0, 1 ಎರಡರ ಸಮ ಬೆರಕೆ ಮಾಡುವುದು), ಆಮೇಲೆ ಎರಡಕ್ಕೂ ಸೇರಿಸಿ ಸಿನಾಟ್ ಗೇಟ್ (ಮೊದಲನೆಯದು 1 ಆದರೆ ಎರಡನೆಯದನ್ನು ಉಲ್ಟಾ ಮಾಡುವುದು) ಹಾಕಿ ಅಳೆದೆ. ಯಾವಾಗಲೂ 00 ಅಥವಾ 11 ಬರುತ್ತದೆ. ಒಂದನ್ನು ನೋಡಿ ಇನ್ನೊಂದನ್ನು ಹೇಳಿಬಿಡಬಹುದು. ಹಾಗಾದರೆ ಇದು ಜೋಡಿ ಚಪ್ಪಲಿಗಿಂತ ಹೇಗೆ ಬೇರೆ? ಇನ್ನೊಂದು ವಿಷಯ. ಮೊದಲ ಕ್ಯೂಬಿಟ್ ಅಳೆಯುವ ದಿಕ್ಕನ್ನು 60 ಡಿಗ್ರಿ ತಿರುಗಿಸಿದೆ. ಓದಿದ ಪ್ರಕಾರ 60ರ ಕೊಸೈನ್ ವರ್ಗ, ಅಂದರೆ ಶೇ. 25ರಷ್ಟು ಸಲ ಎರಡೂ ಒಂದೇ ಉತ್ತರ ಕೊಡಬೇಕಿತ್ತು. ಸಿಮ್ಯುಲೇಟರ್‌ನಲ್ಲಿ 1000 ಸಲ ಓಡಿಸಿದರೆ 00 381 ಸಲ, 11 367 ಸಲ, 01 124 ಸಲ, 10 128 ಸಲ ಬಂತು. ನಿಜವಾದ ಯಂತ್ರದಲ್ಲಿ ಒಂದೇ ಉತ್ತರ ಬಂದದ್ದು ಶೇ. 71. ನಾನು ಎಲ್ಲಿ ತಪ್ಪಿದೆ? ಒಂದನ್ನು ತಿರುಗಿಸಿದ್ದು ಇನ್ನೊಂದಕ್ಕೆ ಗೊತ್ತಾಗುವುದಾದರೆ ಅದರಲ್ಲೇ ಸಂದೇಶ ಕಳಿಸಬಹುದಲ್ವಾ?

ಉತ್ತರ: ನಿಮ್ಮ ಕೋಡ್ ಸರಿಯಾಗಿದೆ. ಸೂತ್ರವನ್ನು ಮಾತ್ರ ಬೇರೆ ಮನೆಯಿಂದ ತಂದಿದ್ದೀರಿ.

ನೀವು ಓದಿದ್ದು ಬಹುಶಃ ಫೋಟಾನ್, ಅಂದರೆ ಬೆಳಕಿನ ಕಣದ ಪ್ರಯೋಗದ ಬಗ್ಗೆ. ಅಲ್ಲಿ ಕೋನ ಎಂದರೆ ಪೋಲರೈಸರನ್ನು (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಸೋಸುಕವನ್ನು) ಕೈಯಲ್ಲಿ ಹಿಡಿದು ಎಷ್ಟು ತಿರುಗಿಸಿದೆವು ಎಂಬುದು. ಅಡ್ಡ ಧ್ರುವೀಕರಣಕ್ಕೂ ನೆಟ್ಟಗಿನ ಧ್ರುವೀಕರಣಕ್ಕೂ ನಡುವೆ 90 ಡಿಗ್ರಿ. ಆದರೆ ಕ್ಯೂಬಿಟ್ಟನ್ನು ನಾವು ಬ್ಲಾಖ್ ಗೋಳ ಎಂಬ ಚಿತ್ರದ ಮೇಲೆ, ಒಂದು ದಿಕ್ಕಾಗಿ ಬರೆಯುತ್ತೇವೆ. ಅಲ್ಲಿ 0 ಉತ್ತರ ಧ್ರುವದಲ್ಲಿ, 1 ದಕ್ಷಿಣ ಧ್ರುವದಲ್ಲಿ. ನಡುವೆ 180 ಡಿಗ್ರಿ. ಎರಡೂ ಒಂದೇ ಸಂಗತಿ, ಅಳೆಯುವ ಪಟ್ಟಿ ಮಾತ್ರ ಬೇರೆ. ಗೋಳದ 60 ಡಿಗ್ರಿ ಎಂದರೆ ಪೋಲರೈಸರ್‌ನ 30 ಡಿಗ್ರಿ. ಆದ್ದರಿಂದ ಕ್ಯೂಬಿಟ್‌ಗೆ ಬೇಕಾದದ್ದು ಅರ್ಧ ಕೋನದ ಕೊಸೈನ್ ವರ್ಗ. 30ರ ಕೊಸೈನ್ ವರ್ಗ ಶೇ. 75. ನಿಮಗೆ ಬಂದದ್ದು 381 ಮತ್ತು 367, ಒಟ್ಟು 748. ಸಾವಿರ ಸಲದ ಪ್ರಯೋಗದಲ್ಲಿ 14ರಷ್ಟು ಹೆಚ್ಚುಕಮ್ಮಿ ಆಗುವುದು ಸಹಜ. ಹಾಗಾಗಿ 748 ಬಹಳ ಚೆನ್ನಾಗಿಯೇ ಬಂದಿದೆ.

ಈ ಅರ್ಧ ಕೋನದಲ್ಲಿ ಎಡವದವರು ಕಡಿಮೆ. ಕ್ಯೂಬಿಟ್ಟನ್ನು ತಿರುಗಿಸುವ ಆರ್‌ವೈ ಗೇಟ್‌ಗೆ ನೀವು ಕೊಡುವ ಕೋನ ಗೋಳದ ಕೋನ, ಅದನ್ನು ನೆನಪಿಡಿ. ದಿಕ್ಕನ್ನು 60 ಡಿಗ್ರಿ ತಿರುಗಿಸಬೇಕೆಂದರೆ ಅಳೆಯುವ ಮುಂಚೆ ಆರ್‌ವೈ ಮೈನಸ್ 60 ಹಾಕಬೇಕು. ಯಂತ್ರ ಯಾವಾಗಲೂ ನೆಟ್ಟಗೆ, ಝಡ್ ದಿಕ್ಕಿನಲ್ಲೇ ಅಳೆಯುತ್ತದೆ. ಅದು ತಿರುಗುವುದಿಲ್ಲ, ನಾವು ಕ್ಯೂಬಿಟ್ಟನ್ನು ಹಿಂದಕ್ಕೆ ತಿರುಗಿಸುತ್ತೇವೆ ಅಷ್ಟೇ.

ಇನ್ನು ಚಪ್ಪಲಿಯ ವಿಷಯ. ಮದುವೆ ಮನೆಯಿಂದ ಅವಸರದಲ್ಲಿ ಹೊರಟಿದ್ದೀರಿ. ಊರು ತಲುಪಿ ಚೀಲ ತೆಗೆದರೆ ಒಂದೇ ಚಪ್ಪಲಿ, ಎಡಗಾಲಿನದು. ಛತ್ರದಲ್ಲಿ ಉಳಿದದ್ದು ಬಲಗಾಲಿನದು ಅಂತ ಆ ಕ್ಷಣವೇ ಗೊತ್ತಾಗುತ್ತದೆ. ಇದಕ್ಕೆ ಯಾರೂ ಬೆರಗಾಗುವುದಿಲ್ಲ. ಜಾನ್ ಬೆಲ್ ಎಂಬ ಭೌತವಿಜ್ಞಾನಿ ಇದೇ ಮಾತನ್ನು ಕಾಲುಚೀಲ ಇಟ್ಟುಕೊಂಡು ಹೇಳಿದ್ದರು. ಜಿನೀವಾದ ಸರ್ನ್ ಪ್ರಯೋಗಾಲಯದಲ್ಲಿ ಅವರ ಜೊತೆಗಿದ್ದ ಬರ್ಟಲ್‌ಮನ್ ಎಂಬ ವಿಜ್ಞಾನಿ ಬೇಕೆಂದೇ ಎರಡು ಕಾಲಿಗೆ ಎರಡು ಬಣ್ಣದ ಕಾಲುಚೀಲ ಹಾಕುತ್ತಿದ್ದರು. ಒಂದು ಕಾಲು ಗುಲಾಬಿ ಎಂದು ಕಂಡರೆ ಇನ್ನೊಂದು ಗುಲಾಬಿ ಅಲ್ಲ ಎಂದು ನೋಡದೆಯೇ ಹೇಳಬಹುದು. ಕ್ವಾಂಟಂ ಜೋಡಿಯೂ ಇಷ್ಟೇನಾ ಎಂದು ಬೆಲ್ ಕೇಳಿದರು. ನೀವು ಕೇಳಿದ್ದೂ ಅದನ್ನೇ.

ನಿಮ್ಮ ಮೊದಲ ಪ್ರಯೋಗ, ಬರೀ 00 ಮತ್ತು 11 ಬಂದದ್ದು, ಅಷ್ಟನ್ನೇ ನೋಡಿದರೆ ಉತ್ತರ "ಹೌದು, ಇಷ್ಟೇ". ಅದರಲ್ಲಿ ಚಪ್ಪಲಿ ಮೀರಿದ್ದು ಏನೂ ಇಲ್ಲ. ಯಾರೋ ನಾಣ್ಯ ಹಾರಿಸಿ, ತಲೆ ಬಿದ್ದರೆ ಎರಡೂ ಕ್ಯೂಬಿಟ್‌ನಲ್ಲಿ 0, ಬಾಲ ಬಿದ್ದರೆ ಎರಡರಲ್ಲೂ 1 ಇಟ್ಟು ಕೊಟ್ಟಿದ್ದರೂ ನಿಮಗೆ ಇದೇ ಫಲಿತಾಂಶ ಬರುತ್ತಿತ್ತು.

ಆ ನಾಣ್ಯದವನನ್ನು ಹಿಡಿಯಲು ಒಂದು ಸುಲಭ ಉಪಾಯ ಇದೆ. ಅಳೆಯುವ ಮುಂಚೆ ಎರಡೂ ಕ್ಯೂಬಿಟ್‌ಗೆ ಒಂದೊಂದು ಹಡಮಾರ್ಡ್ ಹಾಕಿ. ಅಂದರೆ ಝಡ್‌ಗೆ 90 ಡಿಗ್ರಿ ಅಡ್ಡ ಇರುವ ಎಕ್ಸ್ ದಿಕ್ಕಿನಲ್ಲಿ ಅಳೆದ ಹಾಗೆ. ನಾಣ್ಯದ ಜೋಡಿಯಾದರೆ ಉತ್ತರಗಳು ಚದುರಿ ಅರ್ಧಕ್ಕರ್ಧ ಸಲ ಮಾತ್ರ ತಾಳೆ ಆಗುತ್ತವೆ. ನಿಮ್ಮ ಹೆಣೆದುಕೊಂಡ ಜೋಡಿಯಾದರೆ ಇಲ್ಲೂ ನೂರಕ್ಕೆ ನೂರು ತಾಳೆ. ಇವೆರಡಕ್ಕೂ ಅಡ್ಡವಾದ ವೈ ದಿಕ್ಕಿನಲ್ಲಿ ಅಳೆದರೆ ಮಾತ್ರ ಎರಡೂ ಯಾವಾಗಲೂ ವಿರುದ್ಧ ಉತ್ತರ ಕೊಡುತ್ತವೆ. ಅದು ಈ ಸ್ಥಿತಿಯ ಗುಣ, ತಪ್ಪಲ್ಲ. ವಿದ್ಯಾರ್ಥಿಯಾಗಿದ್ದಾಗ ನಾನು ಇಲ್ಲದ ಮೈನಸ್ ಚಿಹ್ನೆಯ ತಪ್ಪನ್ನು ಹುಡುಕುತ್ತಾ ಒಂದು ಮಧ್ಯಾಹ್ನ ಪೂರ್ತಿ ಕಳೆದಿದ್ದೇನೆ. ಅದಕ್ಕೇ ಮೊದಲೇ ಹೇಳಿಬಿಟ್ಟೆ.

ಆದರೂ ಚಪ್ಪಲಿ ವಾದ ಇಲ್ಲಿಗೆ ಸೋಲುವುದಿಲ್ಲ. ನಾಣ್ಯದವನು ಸ್ವಲ್ಪ ಜಾಣನಾದರೆ ಪ್ರತಿ ಜೋಡಿಯ ಜೊತೆ ಒಂದು ಚೀಟಿ ಕಳಿಸುತ್ತಾನೆ. "ಝಡ್ ಕೇಳಿದರೆ 0 ಅನ್ನು, ಎಕ್ಸ್ ಕೇಳಿದರೆ 1 ಅನ್ನು" ಎಂದು. ಎರಡೂ ಕ್ಯೂಬಿಟ್ ಹತ್ತಿರ ಒಂದೇ ಚೀಟಿಯ ನಕಲು. ಆಗ ಝಡ್‌ನಲ್ಲೂ ತಾಳೆ, ಎಕ್ಸ್‌ನಲ್ಲೂ ತಾಳೆ. 1935ರಲ್ಲಿ ಐನ್‌ಸ್ಟೈನ್, ಪೊಡೊಲ್ಸ್ಕಿ, ರೋಸೆನ್ ಮೂವರ ವಾದವೂ ಹೆಚ್ಚುಕಮ್ಮಿ ಇದೇ ದಾರಿಯದು. ದೂರದ ಕಣವನ್ನು ಮುಟ್ಟದೆಯೇ ಅದರ ಉತ್ತರವನ್ನು ಖಚಿತವಾಗಿ ಹೇಳಬಹುದಾದರೆ, ಆ ಉತ್ತರ ಅಲ್ಲಿ ಮೊದಲೇ ಇದ್ದಿರಬೇಕು ಎಂದರು. ಅವರು ಸ್ಥಾನ ಮತ್ತು ಸಂವೇಗವನ್ನು ಇಟ್ಟುಕೊಂಡು ವಾದಿಸಿದ್ದರು. ಎರಡೇ ಉತ್ತರ ಇರುವ ಸ್ಪಿನ್‌ನ ರೂಪಕ್ಕೆ ಅದನ್ನು ತಂದವರು ಡೇವಿಡ್ ಬೋಮ್, 1951ರಲ್ಲಿ. ನಿಜ ಹೇಳಬೇಕೆಂದರೆ ಅದು ದಡ್ಡ ವಾದವೇ ಅಲ್ಲ. ಈಗ ಅದನ್ನು ಓದಿ ನಗುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಅದು ಬೀಳುವುದು ನಡುವಿನ ಕೋನಗಳಲ್ಲಿ. ಅದನ್ನು ಬೀಳಿಸಲು ಬೇಕಾದ ಅಂಕಿಯನ್ನು ನೀವೇ ಕಳಿಸಿದ್ದೀರಿ.

ಚೀಟಿ ಇದೆ ಎಂದೇ ಇಟ್ಟುಕೊಳ್ಳೋಣ. ಅಕ್ಕ-ತಮ್ಮ ಇಬ್ಬರು ಪರೀಕ್ಷೆಗೆ ಬಂದಿದ್ದಾರೆ. ಬೇರೆ ಬೇರೆ ಕೋಣೆ, ಮಾತಾಡುವ ಹಾಗಿಲ್ಲ. ಇಬ್ಬರ ಜೇಬಿನಲ್ಲೂ ಒಂದೇ ಚೀಟಿ. ಯಾವ ಕೋನ ಕೇಳಿದರೆ ಏನು ಹೇಳಬೇಕು ಎಂದು ಎಲ್ಲಾ ಬರೆದುಕೊಂಡಿದ್ದಾರೆ. ಇಬ್ಬರಿಗೂ 0 ಡಿಗ್ರಿ ಕೇಳಿದರೆ ನೂರಕ್ಕೆ ನೂರು ತಾಳೆ ಆಗುತ್ತದೆ.

ಈಗ ಅಕ್ಕನಿಗೆ ಮಾತ್ರ 60 ಡಿಗ್ರಿ ಕೇಳಿ. ನಿಮ್ಮ ಫಲಿತಾಂಶದ ಪ್ರಕಾರ 100ರಲ್ಲಿ 25 ಸಲ ತಾಳೆ ತಪ್ಪುತ್ತದೆ. ತಮ್ಮನಿಗೆ ಕೇಳಿದ್ದು ಬದಲಾಗಿಲ್ಲ. ಅಂದರೆ ಪ್ರಶ್ನೆ ತಿರುಗಿದ್ದರಿಂದ ಅಕ್ಕ 25 ಸಲ ಉತ್ತರ ಬದಲಿಸಿದಳು.

ಇನ್ನೊಮ್ಮೆ ಅಕ್ಕನಿಗೆ 0 ಇಟ್ಟು, ತಮ್ಮನಿಗೆ ಆ ಕಡೆಗೆ 60, ಅಂದರೆ ಮೈನಸ್ 60 ಡಿಗ್ರಿ ಕೇಳಿ. ಇಲ್ಲೂ 25 ಸಲ ತಾಳೆ ತಪ್ಪುತ್ತದೆ. ಈ ಸಲ ಬದಲಿಸಿದವನು ತಮ್ಮ.

ಕೊನೆಗೆ ಎರಡನ್ನೂ ಒಟ್ಟಿಗೆ ಮಾಡಿ. ಅಕ್ಕನಿಗೆ 60, ತಮ್ಮನಿಗೆ ಮೈನಸ್ 60. ಅಕ್ಕನ ಕಡೆ 25 ಉತ್ತರ ಬದಲಾಗುತ್ತವೆ, ತಮ್ಮನ ಕಡೆ 25. ಬದಲಾವಣೆಗಳು ಬೇರೆ ಬೇರೆ ಜೋಡಿಗಳ ಮೇಲೆ ಬಿದ್ದರೆ ಒಟ್ಟು 50 ಸಲ ತಾಳೆ ತಪ್ಪುತ್ತದೆ. ಒಂದೇ ಜೋಡಿಯಲ್ಲಿ ಇಬ್ಬರೂ ಬದಲಿಸಿದರೆ ಮತ್ತೆ ತಾಳೆ ಆಗಿಬಿಡುತ್ತದೆ, ಆಗ 50ಕ್ಕಿಂತ ಕಡಿಮೆ. ಹೇಗೇ ಚೀಟಿ ಬರೆದರೂ 50 ದಾಟುವುದಿಲ್ಲ. ಇದರಲ್ಲಿ ಭೌತಶಾಸ್ತ್ರವೇ ಇಲ್ಲ, ಬರೀ ಕೂಡುವ ಲೆಕ್ಕ.

ಈಗ ಸಿಮ್ಯುಲೇಟರ್‌ನಲ್ಲಿ ಓಡಿಸಿ ನೋಡಿ. ಎರಡು ದಿಕ್ಕುಗಳ ನಡುವೆ 120 ಡಿಗ್ರಿ ಆಯಿತು. ಅರ್ಧ ಕೋನ 60, ಅದರ ಕೊಸೈನ್ ವರ್ಗ ಶೇ. 25. ನೀವು ಮೊದಲು ಹುಡುಕುತ್ತಿದ್ದ 25 ಇಲ್ಲಿ ಸಿಕ್ಕಿತು ನೋಡಿ. ಅಷ್ಟು ಮಾತ್ರ ತಾಳೆ ಆಗುತ್ತದೆ. ಉಳಿದ 75 ತಾಳೆ ತಪ್ಪುತ್ತವೆ. ಚೀಟಿ ಕೊಡಬಹುದಾದ 50 ಎಲ್ಲಿ, ಬಂದ 75 ಎಲ್ಲಿ!

ನನ್ನ ಮಟ್ಟಿಗೆ ಕ್ವಾಂಟಂ ಜೋಡಿಯ ಸೋಜಿಗ ಇರುವುದು ಈ ಹೆಚ್ಚಿನ 25ರಲ್ಲಿ. ಪತ್ರಿಕೆಗಳಲ್ಲಿ "ಒಂದನ್ನು ಅಳೆದ ಕ್ಷಣವೇ ಇನ್ನೊಂದು ಗೊತ್ತಾಗುತ್ತದೆ" ಎಂದು ಬರೆದು ನಿಲ್ಲಿಸುತ್ತಾರೆ. ಓದಿದವರು "ಚಪ್ಪಲಿಯಲ್ಲೂ ಹಾಗೇ ಅಲ್ವಾ" ಎಂದರೆ ಅವರ ತಪ್ಪಲ್ಲ. ಪೂರ್ತಿ ತಾಳೆ ಆಗುವ ಕಡೆ ನೋಡಿದರೆ ಏನೂ ಕಾಣುವುದಿಲ್ಲ. ಕೋನ ತಿರುಗಿಸುತ್ತಾ ಹೋದಾಗ ತಾಳೆ ಎಷ್ಟು ಬೇಗ ಕೆಡುತ್ತದೆ ಎಂಬುದನ್ನು ನೋಡಬೇಕು. ಸಣ್ಣ ಕೋನಕ್ಕೆ ತೀರಾ ನಿಧಾನ, ದೊಡ್ಡ ಕೋನಕ್ಕೆ ತೀರಾ ಬೇಗ. ಚೀಟಿಯವರ ಕೈಯಲ್ಲಿ ಆ ನಡಿಗೆ ಆಗುವುದಿಲ್ಲ.

ಬೆಲ್ 1964ರಲ್ಲಿ ತೋರಿಸಿದ್ದರ ತಿರುಳು ಇದು. ಆದರೆ ಮೇಲಿನ ಲೆಕ್ಕದಲ್ಲಿ ಒಂದು ಮಾತನ್ನು ಮೆಲ್ಲಗೆ ಒಳಗೆ ಬಿಟ್ಟುಕೊಂಡಿದ್ದೇವೆ. "ಅಕ್ಕ ಉತ್ತರ ಬದಲಿಸಿದಳು" ಎಂದೆವಲ್ಲ, ಯಾವುದರಿಂದ ಬದಲಿಸಿದಳು? ಆ ಜೋಡಿಗೆ ನಾವು 0 ಡಿಗ್ರಿ ಕೇಳಲೇ ಇಲ್ಲ. ಕೇಳದ ಪ್ರಶ್ನೆಗೂ ಒಂದು ಉತ್ತರ ಸಿದ್ಧವಿತ್ತು ಎಂದುಕೊಂಡೆವು. ತಮ್ಮನಿಗೆ ಏನು ಕೇಳಿದರು ಎಂಬುದು ಅಕ್ಕನಿಗೆ ತಟ್ಟುವುದಿಲ್ಲ ಎಂದೂ, ಏನು ಕೇಳುತ್ತಾರೆ ಎಂಬ ಸುಳಿವು ಚೀಟಿ ಬರೆದವರಿಗೆ ಮೊದಲೇ ಇರಲಿಲ್ಲ ಎಂದೂ ಅಂದುಕೊಂಡೆವು. ಇವುಗಳಲ್ಲಿ ಯಾವುದೋ ಒಂದಾದರೂ ಸುಳ್ಳು. ಯಾವುದು ಎಂಬ ಬಗ್ಗೆ ಭೌತವಿಜ್ಞಾನಿಗಳಲ್ಲಿ ಇವತ್ತಿಗೂ ಒಮ್ಮತ ಇಲ್ಲ. ಕೇಳದ ಪ್ರಶ್ನೆಗೆ ಉತ್ತರ ಇಲ್ಲ ಎನ್ನುವವರ ಕಡೆ ನಾನು ವಾಲುತ್ತೇನೆ. ಆದರೆ ಅದನ್ನು ಪ್ರಯೋಗದಿಂದ ಸಾಬೀತು ಮಾಡಿ ಎಂದರೆ ನನ್ನಿಂದ ಆಗದು.

ಇನ್ನು ನಿಮ್ಮ ಶೇ. 71ಕ್ಕೆ ಬರೋಣ. ನಿಜವಾದ ಯಂತ್ರದಲ್ಲಿ ಗೇಟ್‌ಗಳು ಸ್ವಲ್ಪ ತಪ್ಪುತ್ತವೆ, ಓದುವಾಗ 1 ಅನ್ನು 0 ಎಂದು ಓದುವುದೂ ಉಂಟು. ಇದರಿಂದ ಆಗುವ ನಷ್ಟವನ್ನು ಹೀಗೆ ಅಳೆಯಬಹುದು. ತಾಳೆ ಆದ ಪಾಲಿನಿಂದ ತಾಳೆ ತಪ್ಪಿದ ಪಾಲನ್ನು ಕಳೆಯಿರಿ. ಇದಕ್ಕೆ ಪಠ್ಯಪುಸ್ತಕದಲ್ಲಿ ಸಹಸಂಬಂಧ ಎನ್ನುತ್ತಾರೆ. ಸಿದ್ಧಾಂತದ ಪ್ರಕಾರ 0.75ರಿಂದ 0.25 ಕಳೆದರೆ 0.50. ನಿಮ್ಮದು 0.71ರಿಂದ 0.29 ಕಳೆದರೆ 0.42. ಅಂದರೆ 100ರಲ್ಲಿ 84 ಪಾಲು ಉಳಿದಿದೆ. ಸದ್ದುಗದ್ದಲ, ಅಂದರೆ ಯಂತ್ರದ ಈ ತಪ್ಪುಗಳು, ಎಲ್ಲ ದಿಕ್ಕಿಗೂ ಒಂದೇ ರೀತಿ ಹೊಡೆಯುತ್ತದೆ ಎಂದುಕೊಂಡರೆ, ಬೇರೆ ಯಾವ ಕೋನಕ್ಕೆ ಎಷ್ಟು ಬರುತ್ತದೆ ಎಂದು ಈಗ ಮುಂಚಿತವಾಗಿ ಹೇಳಬಹುದು. 120 ಡಿಗ್ರಿಗೆ ಶೇ. 71 ತಾಳೆ ತಪ್ಪುತ್ತದೆ. 0 ಡಿಗ್ರಿಗೂ ಪೂರ್ತಿ ತಾಳೆ ಆಗುವುದಿಲ್ಲ, ಶೇ. 8 ತಪ್ಪುತ್ತದೆ.

ಈ 8ನ್ನು ಮರೆಯಬೇಡಿ. ಇಲ್ಲೇ ಬಹಳ ಜನ ತಪ್ಪು ಮಾಡುತ್ತಾರೆ. ಅಕ್ಕ-ತಮ್ಮನ ಲೆಕ್ಕದಲ್ಲಿ 0 ಡಿಗ್ರಿಗೆ ತಪ್ಪೇ ಇಲ್ಲ ಎಂದು ಶುರು ಮಾಡಿದ್ದೆವು. ನಿಜವಾದ ಯಂತ್ರದಲ್ಲಿ ಚೀಟಿಗಳೇ 100ರಲ್ಲಿ 8 ಕಡೆ ಬೇರೆ ಇರಬಹುದು. ಅದನ್ನೂ ಕೂಡಬೇಕು. ಹಾಗಾಗಿ ಚೀಟಿಯ ಮಿತಿ 29, 29 ಮತ್ತು 8 ಸೇರಿ 66. ನಿಮಗೆ 71 ಬಂದರೆ ಮಿತಿ ದಾಟಿದ ಹಾಗೆ. ಆದರೆ ಅಂತರ ಐದೇ.

ಕ್ಲೌಸರ್, ಹೋರ್ನ್, ಶಿಮೊನಿ, ಹೋಲ್ಟ್ ಎಂಬ ನಾಲ್ವರು 1969ರಲ್ಲಿ ಮಾಡಿದ್ದು ಇದೇ ತಿದ್ದುಪಡಿಯನ್ನು. ಪೂರ್ತಿ ತಾಳೆ ಇರಲೇಬೇಕು ಎಂಬ ಷರತ್ತನ್ನು ಬಿಟ್ಟು, ನಾಲ್ಕು ಜೊತೆ ಕೋನಗಳ ಲೆಕ್ಕವನ್ನು ಒಟ್ಟು ಹಾಕಿದರು. ಅವರ ಹೆಸರಿನ ಮೊದಲ ಅಕ್ಷರ ಸೇರಿಸಿ ಅದನ್ನು ಸಿಎಚ್‌ಎಸ್‌ಎಚ್ ಎನ್ನುತ್ತಾರೆ. ಮೂರು ಜೊತೆಗಳ ಸಹಸಂಬಂಧ ಕೂಡಿ ನಾಲ್ಕನೆಯದನ್ನು ಕಳೆದರೆ ಬರುವ ಸಂಖ್ಯೆ ಎಸ್. ಚೀಟಿಯಿಂದ ಅದು 2 ದಾಟುವುದಿಲ್ಲ. ಕ್ವಾಂಟಂ ಲೆಕ್ಕದಲ್ಲಿ 2√2, ಅಂದರೆ 2.83ರವರೆಗೆ ಹೋಗಬಹುದು. ಅದಕ್ಕೂ ಮೇಲೆ ಹೋಗುವುದಿಲ್ಲ ಎಂದು 1980ರಲ್ಲಿ ಸಿರೆಲ್ಸನ್ ತೋರಿಸಿದರು.

ಈ ದೊಡ್ಡ ಸಂಖ್ಯೆ ಬೇಕೆಂದರೆ 60 ಡಿಗ್ರಿ ಬಿಡಿ. ಮೊದಲ ಕ್ಯೂಬಿಟ್‌ಗೆ 0 ಮತ್ತು 90, ಎರಡನೆಯದಕ್ಕೆ 45 ಮತ್ತು ಮೈನಸ್ 45 ಇಡಿ. ನಾಲ್ಕು ಜೊತೆಗಳಲ್ಲಿ ಮೂರಕ್ಕೆ ಅಂತರ 45 ಡಿಗ್ರಿ, ಒಂದಕ್ಕೆ 135. ಮೂರರಲ್ಲಿ ಶೇ. 85.4 ತಾಳೆ, ಒಂದರಲ್ಲಿ ಶೇ. 85.4 ತಾಳೆ ತಪ್ಪಬೇಕು. ಮೂರು ಜೊತೆಗಳಲ್ಲಿ ತಾಳೆ ಆದರೆ, ನಾಲ್ಕನೆಯದರಲ್ಲಿ ತಾಳೆ ತಪ್ಪಿದರೆ ಗೆಲುವು ಎಂಬ ಆಟವಾಗಿ ಆಡಿದರೆ ಚೀಟಿಯವರು ಎಷ್ಟೇ ಜಾಣರಾದರೂ ಗೆಲ್ಲುವುದು ಶೇ. 75. ನಿಮ್ಮ 84 ಪಾಲಿನ ಯಂತ್ರದಲ್ಲಿ ಎಸ್ 2.38ರ ಹತ್ತಿರ ಬರಬೇಕು. ಒಂದೊಂದು ಜೊತೆಗೆ 1000 ಸಲ ಓಡಿಸಿದರೆ ಹೆಚ್ಚುಕಮ್ಮಿ 0.05. ಅಷ್ಟು ಸಾಕು, ಅನುಮಾನಕ್ಕೆ ಜಾಗ ಉಳಿಯುವುದಿಲ್ಲ. ಉಳಿದ ಪಾಲು 71ಕ್ಕಿಂತ ಕೆಳಗೆ ಇಳಿದರೆ ಮಾತ್ರ ಎಸ್ 2ರ ಒಳಗೆ ಬಿದ್ದುಹೋಗುತ್ತದೆ.

ಸಂದೇಶದ ಪ್ರಶ್ನೆಗೆ ಉತ್ತರ ನಿಮ್ಮ ಸಾವಿರ ಸಾಲಿನಲ್ಲೇ ಇದೆ. ಎರಡನೇ ಕ್ಯೂಬಿಟ್ಟನ್ನು ಮಾತ್ರ ನೋಡಿ. 0 ಬಂದದ್ದು 381 ಮತ್ತು 128, ಒಟ್ಟು 509. 1 ಬಂದದ್ದು 491. ಮೊದಲನೆಯದನ್ನು ತಿರುಗಿಸದೇ ಇದ್ದಾಗಲೂ ಸುಮಾರು 500-500. ಯಾವ ಕೋನಕ್ಕೆ ತಿರುಗಿಸಿದರೂ ಅಷ್ಟೇ. ಎರಡನೆಯದನ್ನು ಹಿಡಿದು ಕೂತವರಿಗೆ ಕಾಣುವುದು ನಾಣ್ಯ ಹಾರಿಸಿದಂಥ ಒಂದು ಪಟ್ಟಿ. ನೀವು ಆ ಕಡೆ ಏನು ಮಾಡಿದಿರಿ ಎಂಬುದರ ಗುರುತು ಅದರಲ್ಲಿ ಇಲ್ಲ. ತಾಳೆ ಆಯಿತೋ ಇಲ್ಲವೋ ನೋಡಲು ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಡಬೇಕು. ಪಟ್ಟಿ ಕಳಿಸಲು ಫೋನೋ ಮೇಲೋ ಬೇಕು, ಅದು ಬೆಳಕಿಗಿಂತ ವೇಗವಾಗಿ ಹೋಗುವುದಿಲ್ಲ. (ಕ್ವಾಂಟಂ ಕೋಡ್ ಬರೆಯುವ ತಂತ್ರಾಂಶವಾದ ಕಿಸ್ಕಿಟ್‌ನಲ್ಲಿ ಬಿಟ್‌ಗಳು ಬಲದಿಂದ ಎಡಕ್ಕೆ ಬರೆದಿರುತ್ತವೆ. ನಿಮ್ಮ ಮೊದಲ ಕ್ಯೂಬಿಟ್ ಬಲತುದಿಯದು ಆಗಿರಬಹುದು, ನೋಡಿಕೊಳ್ಳಿ. ಈ ಲೆಕ್ಕಕ್ಕೆ ಅದರಿಂದ ತೊಂದರೆ ಇಲ್ಲ.)

ಮುಂಚಿತವಾಗಿ ಏನು ಹೇಳಬಹುದು ಎಂಬುದು ನಿಮಗೆ ಏನು ಗೊತ್ತಿದೆ ಎಂಬುದರ ಮೇಲೆ ನಿಂತಿದೆ. ಏನೂ ಗೊತ್ತಿಲ್ಲದಿದ್ದರೆ ಅರ್ಧಕ್ಕರ್ಧ. ಜೊತೆಯದರ ದಿಕ್ಕು ಮತ್ತು ಉತ್ತರ ಎರಡೂ ಗೊತ್ತಿದ್ದರೆ ಅರ್ಧ ಕೋನದ ಕೊಸೈನ್ ವರ್ಗ. 60ಕ್ಕೆ ನಾಲ್ಕರಲ್ಲಿ ಮೂರು ಸಲ ಸರಿ ಹೇಳುತ್ತೀರಿ. 90 ಆದರೆ ಗೊತ್ತಿದ್ದೂ ಪ್ರಯೋಜನ ಇಲ್ಲ, ಮತ್ತೆ ಅರ್ಧಕ್ಕರ್ಧ. 180 ಆದರೆ ಖಚಿತವಾಗಿ ಉಲ್ಟಾ. ಯಾವುದನ್ನು ಮೊದಲು ಅಳೆದಿರಿ ಎಂಬುದು ಈ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ. ಅದಕ್ಕೇ "ಮೊದಲನೆಯದು ಎರಡನೆಯದಕ್ಕೆ ಹೇಳಿತು" ಎನ್ನುವ ಮಾತು ನನಗೆ ಹಿಡಿಸುವುದಿಲ್ಲ.

ಒಂದು ಎಚ್ಚರಿಕೆ. ನಿಮಗೆ ಎಸ್ 2.38 ಬಂದರೂ ಚೀಟಿಯವರನ್ನು ಪೂರ್ತಿ ಸೋಲಿಸಿದೆ ಎನ್ನುವ ಹಾಗಿಲ್ಲ. ನಿಮ್ಮ ಎರಡು ಕ್ಯೂಬಿಟ್‌ಗಳು ಒಂದೇ ಚಿಪ್‌ನ ಮೇಲೆ ಅಕ್ಕಪಕ್ಕ ಇವೆ. ಪರೀಕ್ಷೆ ನಡೆಯುವಾಗ ಗೋಡೆ ತಟ್ಟಿ ಮಾತಾಡಲು ಬೇಕಾದಷ್ಟು ಸಮಯ ಇದೆ. ಈ ಕಿಂಡಿ ಮುಚ್ಚಲು ದಶಕಗಳೇ ಹಿಡಿದವು. ಮೊದಲ ಪ್ರಯೋಗ 1972ರಲ್ಲಿ ಬರ್ಕ್ಲಿಯಲ್ಲಿ ಫ್ರೀಡ್‌ಮನ್ ಮತ್ತು ಕ್ಲೌಸರ್ ಮಾಡಿದ್ದು, ಕ್ಯಾಲ್ಸಿಯಂ ಪರಮಾಣುಗಳಿಂದ ಹೊರಟ ಫೋಟಾನ್ ಜೋಡಿಗಳ ಮೇಲೆ. 1982ರಲ್ಲಿ ಪ್ಯಾರಿಸ್ ಹತ್ತಿರದ ಓರ್ಸೇಯಲ್ಲಿ ಆಸ್ಪೆ ಮತ್ತು ಜೊತೆಗಾರರಿಗೆ ಎಸ್ 2.697 ಬಂತು. ಎರಡು ಮುಖ್ಯ ಕಿಂಡಿಗಳನ್ನೂ (ಒಂದು ಈ ಗೋಡೆ ತಟ್ಟುವುದು, ಇನ್ನೊಂದು ಅನೇಕ ಜೋಡಿಗಳು ಅಳತೆಗೆ ಸಿಗದೆ ತಪ್ಪಿಹೋಗುವುದು) ಒಟ್ಟಿಗೆ ಮುಚ್ಚಿದ್ದು 2015ರಲ್ಲಿ. ನೆದರ್ಲೆಂಡ್ಸ್‌ನ ಡೆಲ್ಫ್ಟ್ ವಿಶ್ವವಿದ್ಯಾಲಯದ ಆವರಣದಲ್ಲಿ ಸುಮಾರು 1.3 ಕಿಲೋಮೀಟರ್ ದೂರದ ಎರಡು ಪ್ರಯೋಗಾಲಯ, ಎರಡರಲ್ಲೂ ವಜ್ರದೊಳಗೆ ಒಂದು ಎಲೆಕ್ಟ್ರಾನ್. ಅಷ್ಟು ದೂರ ದಾಟಲು ಬೆಳಕಿಗೆ ಬೇಕಾದ ನಾಲ್ಕು ಮೈಕ್ರೊಸೆಕೆಂಡ್ ಮುಗಿಯುವುದರೊಳಗೆ ದಿಕ್ಕು ಆರಿಸಿ, ಅಳೆದು ಮುಗಿಸುತ್ತಿದ್ದರು. 220 ಗಂಟೆ ಕಾದು ಸಿಕ್ಕಿದ್ದು 245 ಅಳತೆ ಮಾತ್ರ. ಎಸ್ 2.42. ನೀವು ಸಾವಿರ ಸಲ ಓಡಿಸಿ ಟೀ ಕುಡಿದು ಬರುವಷ್ಟರಲ್ಲಿ ಫಲಿತಾಂಶ ಬಂದಿರುತ್ತದೆ ಅಲ್ವಾ, ಅವರ ತಾಳ್ಮೆ ನೆನೆಸಿಕೊಳ್ಳಿ. ಅದೇ ವರ್ಷ ವಿಯೆನ್ನಾದಲ್ಲೂ ಅಮೆರಿಕದ ಬೋಲ್ಡರ್‌ನಲ್ಲೂ ಫೋಟಾನ್‌ಗಳ ಮೇಲೆ ಅದನ್ನು ಸಾಧಿಸಿದರು. 2022ರ ನೊಬೆಲ್ ಆಸ್ಪೆ, ಕ್ಲೌಸರ್, ಝೈಲಿಂಗರ್ ಮೂವರಿಗೆ ಬಂದದ್ದು ಈ ಜಾತಿಯ ಕೆಲಸಕ್ಕೇ. ಬೆಲ್ 1990ರಲ್ಲೇ ತೀರಿಕೊಂಡಿದ್ದರು.

ನೀವು ಬಳಸಿದ್ದು ಸೂಪರ್‌ಕಂಡಕ್ಟರ್ ಕ್ಯೂಬಿಟ್ ಆಗಿದ್ದರೆ 2023ರ ಜ್ಯೂರಿಕ್ ಪ್ರಯೋಗ ನಿಮಗೆ ಹೆಚ್ಚು ಹತ್ತಿರದ್ದು. ಅಲ್ಲಿನ ಇಟಿಎಚ್ ವಿಶ್ವವಿದ್ಯಾಲಯದವರು ಅಂಥದೇ ಎರಡು ಕ್ಯೂಬಿಟ್‌ಗಳನ್ನು 30 ಮೀಟರ್ ದೂರ ಇಟ್ಟು, ನಡುವಿನ ಕೊಳವೆಯನ್ನೂ ನಿರಪೇಕ್ಷ ಶೂನ್ಯದ ಹತ್ತಿರಕ್ಕೆ ತಂಪು ಮಾಡಿದರು. ಎಸ್ 2.0747. ನೋಡಲು ಚಿಕ್ಕದು, ನಿಮಗೆ ಬರಬಹುದಾದ ಸಂಖ್ಯೆಗಿಂತಲೂ ಚಿಕ್ಕದು. ಆದರೆ ಹೆಚ್ಚುಕಮ್ಮಿ ಬರೀ 0.0033, ಕಿಂಡಿಗಳೂ ಮುಚ್ಚಿವೆ.

ಇದರಿಂದ ಉಪಯೋಗ ಏನು ಎಂದು ಮನೆಯಲ್ಲಿ ಯಾರಾದರೂ ಕೇಳಿದರೆ ಗುಟ್ಟಿನ ಕೀಲಿಯ ಕಥೆ ಹೇಳಿ. ಉತ್ತರಗಳು ಮೊದಲೇ ಚೀಟಿಯಲ್ಲಿ ಇರಲಿಲ್ಲ ಎಂದಾದರೆ ನಡುವೆ ಯಾರೂ ಅದನ್ನು ಓದಿರಲು ಸಾಧ್ಯವಿಲ್ಲ. ಎಸ್ 2 ದಾಟಿದೆಯೇ ಎಂದು ನೋಡಿ ಕಳ್ಳಗಿವಿ ಇದೆಯೇ ಎಂದು ಪರೀಕ್ಷಿಸುವ ಉಪಾಯವನ್ನು 1991ರಲ್ಲಿ ಆರ್ಟರ್ ಎಕರ್ಟ್ ಕೊಟ್ಟರು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಇಂಥ ಫೋಟಾನ್ ಜೋಡಿಗಳ ಮೇಲೆ ಕೆಲಸ ನಡೆಯುತ್ತಿದೆ.

ನಿಜವಾದ ಯಂತ್ರದಲ್ಲಿ ಈಗ ಇಷ್ಟು ಮಾಡಿ. 0, 90, 45, ಮೈನಸ್ 45 ಇಟ್ಟು ನಾಲ್ಕೂ ಜೊತೆಗಳನ್ನು ಒಂದೇ ಸರದಿಯಲ್ಲಿ ಓಡಿಸಿ. ಒಂದನ್ನು ಇವತ್ತು, ಇನ್ನೊಂದನ್ನು ನಾಳೆ ಮಾಡಿದರೆ ಅಷ್ಟರಲ್ಲಿ ಯಂತ್ರದ ಹದ ಬದಲಾಗಿರುತ್ತದೆ. ಓದುವ ತಪ್ಪನ್ನು ಸರಿಮಾಡುವ ಸೌಲಭ್ಯ ಇದ್ದರೆ ಮೊದಲ ಸಲ ಅದನ್ನು ಆಫ್ ಮಾಡಿಯೇ ನೋಡಿ, ಹಸಿ ಅಂಕಿ ಹೇಗಿದೆ ಎಂದು ಗೊತ್ತಾಗಲಿ. ಜೊತೆಗೆ 0-0 ಕೂಡ ಒಮ್ಮೆ ಓಡಿಸಿ. ಅಲ್ಲಿ ತಾಳೆ ತಪ್ಪಿದ್ದು ಶೇ. 8ಕ್ಕಿಂತ ಬಹಳ ಕಡಿಮೆ ಬಂದರೆ ಸದ್ದುಗದ್ದಲ ಎಲ್ಲ ದಿಕ್ಕಿಗೂ ಒಂದೇ ಎಂದು ನಾನು ಅಂದುಕೊಂಡದ್ದು ತಪ್ಪು. ಆಗ 2.38 ಎಂದು ಹೇಳಿದ್ದನ್ನು ಹೊಡೆದುಹಾಕಿ, ಬಂದ ಅಂಕಿ ಕಳಿಸಿ, ಮತ್ತೆ ಕೂತು ಲೆಕ್ಕ ಹಾಕೋಣ.